ಹುಲ್ಲು ಕೊಚ್ಚುವ ಯಂತ್ರವೂ ತೋಟದವನ ಹೊಣೆಯೂ

ಮಳೆ ಹಿಂದೆ ಸರಿದು ಬಿಸಿಲು ಕಾಣಿಸಿಕೊಳ್ಳುವ ಕಾಲವಿದು. ಅಡಿಕೆ ತೋಟಗಳಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಬೆಳೆದು ನಿಂತಿದೆ. ಹಣ್ಣಡಿಕೆ ಉದುರತೊಡಗುವುದಕ್ಕೆ ಮುಂಚೆ ಅದನ್ನು ತೆಗೆಯದಿದ್ದರೆ ಬಿದ್ದ ಅಡಿಕೆ ಕಣ್ಣಿಗೆ ಕಾಣದು. ಹೆಕ್ಕುವವರ ಕಾಲಡಿಯಲ್ಲಿ ಹಾವಿದ್ದರೂ ತಿಳಿಯದು. ಆದುದರಿಂದ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಬೆಳಗ್ಗೆ ಕಿವಿಗೊಟ್ಟರೆ ಒಂದಲ್ಲ ಒಂದು ತೋಟದಿಂದ ಪೆಟ್ರೋಲ್ ಯಂತ್ರದ ಸದ್ದು ಕೇಳಿಯೇ ಕೇಳುತ್ತದೆ. ಅಂಗಡಿಯವರು ಇದನ್ನು ಬ್ರಷ್ ಕಟ್ಟರ್ ಎನ್ನುತ್ತಾರೆ. ನಮ್ಮವರು ಹುಲ್ಲಿನ ಮಿಷನ್ ಎನ್ನುತ್ತಾರೆ. ಒಂದು ತುದಿಯಲ್ಲಿ ಸಣ್ಣ ಎಂಜಿನು, ನಡುವೆ ಉದ್ದನೆಯ ಕೊಳವೆ, ಇನ್ನೊಂದು ತುದಿಯಲ್ಲಿ ತಿರುಗುವ ಬ್ಲೇಡು ಇಲ್ಲವೆ ನೈಲಾನ್ ಹುರಿ, ಹೊರುವುದಕ್ಕೆ ಹೆಗಲಪಟ್ಟಿ. ಇಷ್ಟೇ ಅದರ ರೂಪ. ಈ ಯಂತ್ರದ ಕುರಿತು ಕೃಷಿಕ ಬಾಂಧವರೊಡನೆ ನಾಲ್ಕು ಮಾತು ಆಡಬೇಕೆಂದು ನಮಗೆ ಬಹುದಿನದಿಂದ ಮನಸ್ಸಿತ್ತು.

ಯಂತ್ರ ಬೇಡವೆನ್ನುವ ಪಕ್ಷ ನಮ್ಮದಲ್ಲ. ಕತ್ತಿ ಹಿಡಿದು ಬಗ್ಗಿ ಹುಲ್ಲು ಹೆರೆಯುವವರು ಈಗ ಊರಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬುದು ಎಲ್ಲರಿಗೂ ಗೊತ್ತು. ನಾಲ್ಕಾರು ಜನ ಒಂದು ದಿನ ಮಾಡುವ ಕೆಲಸವನ್ನು ಈ ಯಂತ್ರವಿದ್ದರೆ ಒಬ್ಬನೇ ಮಾಡಿ ಮುಗಿಸುತ್ತಾನೆ. ಕೊಚ್ಚಿದ ಹುಲ್ಲು ಅಲ್ಲಿಯೇ ಬಿದ್ದು ಮಣ್ಣಿಗೆ ಹೊದಿಕೆಯಾಗುತ್ತದೆ. ಬೇರು ಉಳಿಯುವುದರಿಂದ ಇಳಿಜಾರಿನ ಮಣ್ಣು ಕೊಚ್ಚಿಹೋಗುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಲಾಭವಲ್ಲ.

ಇನ್ನೊಂದು ಕಾರಣವೂ ಇದೆ. ಹುಲ್ಲು ಸಾಯಿಸಲು ವಿಷ ಹೊಡೆಯುವುದು ಸುಲಭ. ಆದರೆ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದುದರ ಫಲವನ್ನು ನಮ್ಮ ಜಿಲ್ಲೆಯ ಎಣ್ಮಕಜೆಯಂಥ ಗ್ರಾಮಗಳು ಇಂದಿಗೂ ಉಣ್ಣುತ್ತಿವೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನು ಕೇರಳ ಸರಕಾರವು 2019ರಲ್ಲಿ ನಿಷೇಧಿಸಿತು. ವಿಷಕ್ಕಿಂತ ಯಂತ್ರ ಲೇಸೆಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ತಕರಾರು ಯಂತ್ರದ ಮೇಲಲ್ಲ, ಅದನ್ನು ನಡೆಸಿಕೊಳ್ಳುವ ನಮ್ಮ ರೀತಿಯ ಮೇಲೆ. ಯಂತ್ರ ತೋಟಕ್ಕೆ ಬಂದಿತು. ಅದರ ಜತೆಗೆ ಬರಬೇಕಾದ ಎಚ್ಚರ ಮಾತ್ರ ಅಂಗಡಿಯಲ್ಲೇ ಉಳಿಯಿತು.

ನಮ್ಮ ತೋಟದಲ್ಲಿ ನಡೆದುದು

ಪರರ ತಪ್ಪು ಹೇಳುವುದಕ್ಕೆ ಮುಂಚೆ ನಮ್ಮದನ್ನು ಹೇಳುವುದು ನ್ಯಾಯ. ಎರಡು ವರ್ಷದ ಹಿಂದೆ ಇದೇ ಸಮಯದಲ್ಲಿ ನಮ್ಮ ತೋಟದ ಹುಲ್ಲು ಕೊಚ್ಚಲು ಒಬ್ಬ ಯುವಕ ಬಂದನು. ಯಂತ್ರ ಅವನದೇ. ಗಂಟೆಗೆ ಇಷ್ಟೆಂದು ಮಾತಾಯಿತು. ಬ್ಲೇಡಿನ ಹಿಂಬದಿಯಲ್ಲಿ ಇರಬೇಕಾದ ಗಾರ್ಡು, ಎಂದರೆ ಕಲ್ಲುಕಸ ಹಿಂದಕ್ಕೆ ಸಿಡಿಯದಂತೆ ತಡೆಯುವ ಮರೆ, ಅದರಲ್ಲಿ ಇರಲಿಲ್ಲ. ಅದನ್ನು ನಾವು ಕಂಡೆವು. ಕೇಳಲಿಲ್ಲ. ಕಾಲಿಗೆ ರಬ್ಬರು ಚಪ್ಪಲಿ, ಮೈಗೆ ಲುಂಗಿ, ತಲೆಗೊಂದು ಮುಂಡಾಸು. ಅದನ್ನೂ ಕಂಡೆವು. ಅವನ ಕೆಲಸ ಅವನಿಗೆ ಗೊತ್ತೆಂದು ಸುಮ್ಮನಾದೆವು.

ಅದೇ ದಿನ ತೋಟದಲ್ಲಿ ಅಡಿಕೆ ಹೆಕ್ಕುವುದಕ್ಕೆ ನಮ್ಮ ನೆರೆಯ ಹೆಂಗಸೊಬ್ಬರು ಬಂದಿದ್ದರು. ಹಲವು ವರ್ಷಗಳಿಂದ ನಮ್ಮಲ್ಲಿಗೆ ಬರುವವರು, ನಮಗಿಂತ ಹಿರಿಯರು. ಹುಲ್ಲು ಹೋದಲ್ಲಿ ಅಡಿಕೆ ಚೆನ್ನಾಗಿ ಕಾಣುತ್ತದಲ್ಲವೆ? ಆದುದರಿಂದ ಯಂತ್ರದ ಹಿಂದೆಯೇ ಆರೇಳು ಮಾರು ದೂರದಲ್ಲಿ ಬುಟ್ಟಿ ಹಿಡಿದು ಹೆಕ್ಕುತ್ತ ಬರುತ್ತಿದ್ದರು. ಹತ್ತು ಗಂಟೆಯ ಸುಮಾರಿಗೆ ಬ್ಲೇಡಿಗೆ ಒಂದು ಚರಳುಕಲ್ಲು ತಗಲಿತು. ಅವರು ಬಗ್ಗಿದ್ದವರು ತಲೆಯೆತ್ತಿದ ಕ್ಷಣವೂ ಕಲ್ಲು ಬಂದ ಕ್ಷಣವೂ ಒಂದೇ ಆಯಿತು. ಕಲ್ಲು ದೊಡ್ಡದಲ್ಲ, ಕಡಲೆಕಾಳಿನಷ್ಟು. ಎಡಗಣ್ಣಿಗೆ ಬಡಿಯಿತು. ಯಂತ್ರದ ಸದ್ದಿನಲ್ಲಿ ಅವರು ಕೂಗಿದ್ದು ಆ ಯುವಕನಿಗೆ ಕೇಳಿಸಲಿಲ್ಲ. ಅಂಗಳದಲ್ಲಿದ್ದ ನಮಗೂ ಕೇಳಿಸಲಿಲ್ಲ.

ಮಂಗಳೂರಿಗೆ ಕರೆದುಕೊಂಡು ಹೋದೆವು. ವೈದ್ಯರು ತಮ್ಮಿಂದಾದುದನ್ನು ಮಾಡಿದರು. ಈಗ ಆ ಕಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತದೆ. ಆಸ್ಪತ್ರೆಯ ಖರ್ಚನ್ನು ನಾವು ಕೊಟ್ಟೆವು. ಕೊಟ್ಟ ಮೇಲೆ ನಮ್ಮ ಕರ್ತವ್ಯ ತೀರಿತೆಂದು ಒಳಗೊಳಗೆ ಸಮಾಧಾನವನ್ನೂ ಪಟ್ಟುಕೊಂಡೆವು. ಒಂದು ದಿನ ಅವರ ಮನೆಗೆ ಹೋಗಿ, ‘ಅಕ್ಕ, ಇನ್ನೇನಾದರೂ ಬೇಕಾದರೆ ಸಂಕೋಚವಿಲ್ಲದೆ ಹೇಳಿ’ ಎಂದೆವು. ಅವರು ಸಿಟ್ಟಾಗಲಿಲ್ಲ. ‘ಬೇಕಾದ್ದು ಏನೂ ಇಲ್ಲ ಧಣಿ. ಮಿಷನು ನಡೆಯುವಾಗ ಆ ಕಡೆಗೆ ಹೋಗಬೇಡ ಅಂತ ಒಂದು ಮಾತು ನೀವು ಹೇಳಬಹುದಿತ್ತು’ ಎಂದರು.

ಈ ಬರಹಕ್ಕೆ ಆ ಮಾತೇ ಮೂಲ. ಯಂತ್ರ ಅವನದು, ಗಾರ್ಡು ಕಳಚಿದವನೂ ಅವನೇ. ಆದರೆ ತೋಟ ನಮ್ಮದು, ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇಬ್ಬರನ್ನೂ ಕೆಲಸಕ್ಕೆ ಬಿಟ್ಟವರು ನಾವು. ಆ ಹೆಂಗಸಿಗೆ ಯಂತ್ರದ ಗುಣ ತಿಳಿಯದು. ಆ ಯುವಕನಿಗೆ ಹಿಂದೆ ಯಾರಿದ್ದಾರೆಂಬುದು ಕಾಣದು. ಎರಡನ್ನೂ ಬಲ್ಲವರು ನಾವೊಬ್ಬರೇ. ಹುಲ್ಲಿನ ಯಂತ್ರದಿಂದ ಆಗುವ ಅನಾಹುತಕ್ಕೆ ಮೊದಲ ಹೊಣೆ ತೋಟದವನದು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ಯಂತ್ರದ ಸ್ವಭಾವ

ಕತ್ತಿಯ ವೇಗ ನಮ್ಮ ಕೈಯ ವೇಗ. ಯಂತ್ರದ ಲೆಕ್ಕ ಬೇರೆ. ಸಾಮಾನ್ಯ ಬ್ಲೇಡು 255 ಮಿಲಿಮೀಟರ್, ಎಂದರೆ ಹತ್ತಿಂಚು ಅಡ್ಡಳತೆಯದು. ಅದು ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 80 ಮೀಟರ್ ಓಡುತ್ತದೆ. ಗಂಟೆಯ ಲೆಕ್ಕದಲ್ಲಿ ಇದು 280 ಕಿಲೋಮೀಟರಿಗೂ ಮೇಲೆ. ಈ ಅಂಚು ಕಲ್ಲಿಗೋ ಗಾಜಿನ ಚೂರಿಗೋ ತಂತಿಯ ತುಂಡಿಗೋ ತಗಲಿದರೆ ಅದು ಕವಣೆಯ ಕಲ್ಲಿಗಿಂತ ಬಿರುಸಾಗಿ ಹಾರುತ್ತದೆ. ನಮ್ಮದು ಮುರಕಲ್ಲಿನ ಸೀಮೆ. ಚರಳು ಇಲ್ಲದ ಒಂದು ಮಾರು ನೆಲ ನಮ್ಮಲ್ಲಿ ಸಿಗುವುದು ಕಷ್ಟ. ಬಯಲಿನ ಮೆತ್ತನೆ ಮಣ್ಣಿನವರಿಗಿಂತ ನಮಗೆ ಎಚ್ಚರ ಹೆಚ್ಚು ಬೇಕು.

ಇಷ್ಟಾದರೂ ಗಾರ್ಡನ್ನು ಕಳಚಿಡುವುದು ನಮ್ಮಲ್ಲಿ ಸರ್ವೇಸಾಮಾನ್ಯವಾಗಿದೆ. ಕೇಳಿದರೆ ಉದ್ದ ಹುಲ್ಲು ಸಿಕ್ಕಿಕೊಳ್ಳುತ್ತದೆ, ಭಾರವಾಗುತ್ತದೆ, ಬ್ಲೇಡಿನ ತುದಿ ಕಾಣುವುದಿಲ್ಲ ಎಂಬ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಹುಲ್ಲು ಸಿಕ್ಕಿಕೊಳ್ಳುವುದು ನಿಜ. ಅದಕ್ಕೆ ಮದ್ದು, ಎತ್ತರದ ಹುಲ್ಲನ್ನು ಒಂದೇ ಏಟಿಗೆ ಬುಡದಿಂದ ಕೊಚ್ಚದೆ ಮೊದಲು ಅರ್ಧ, ಆಮೇಲೆ ಬುಡ ಎಂದು ಎರಡು ಸಲ ಹೊಡೆಯುವುದು. ಭಾರದ ಮಾತು ಬರಿಯ ನೆವ. ಹೆಗಲಪಟ್ಟಿಯನ್ನು ಸರಿಯಾಗಿ ಬಿಗಿದರೆ ಆ ಸ್ವಲ್ಪ ತೂಕ ಗೊತ್ತಾಗದು. ತುದಿ ಕಾಣಬೇಕೆಂದು ಗಾರ್ಡು ತೆಗೆಯುವವನು ನಾಳೆ ಏನನ್ನೂ ಕಾಣದಂತಾಗುವ ಸಂಭವವಿದೆ.

ಗಾರ್ಡು ಕಳಚುವುದಕ್ಕಿಂತಲೂ ಕೆಟ್ಟ ಚಾಳಿ ಇನ್ನೊಂದಿದೆ. ನೈಲಾನ್ ಹುರಿ ಬೇಗ ಸವೆಯುತ್ತದೆಂದು ಅದರ ಬದಲಿಗೆ ಕಬ್ಬಿಣದ ತಂತಿಯನ್ನೋ ಸರಪಣಿಯ ತುಂಡನ್ನೋ ಕಟ್ಟುವುದು. ತುಂಡಾದ ಒಂದು ಕೊಂಡಿ ಬಂದೂಕಿನ ಗುಂಡಿನಂತೆ ಹೋಗುತ್ತದೆ. ಲೋಹದ ಕೊಂಡಿಗಳನ್ನು ಜೋಡಿಸಿದ ಇಂಥ ಸಾಧನಗಳ ಮಾರಾಟವನ್ನು ಯುರೋಪಿನ ಒಕ್ಕೂಟವು 2012ರಲ್ಲಿ ನಿಷೇಧಿಸಿತು. ಬಿರುಕು ಬಿಟ್ಟ ಬ್ಲೇಡನ್ನು ಬೆಸುಗೆ ಹಾಕಿಸಿ ಮತ್ತೆ ಹಾಕುವುದೂ ಇದೇ ಜಾತಿಯ ತಪ್ಪು. ಬ್ಲೇಡು ಬಿರುಕು ಬಿಟ್ಟರೆ ಅದನ್ನು ಗುಜರಿಗೆ ಹಾಕತಕ್ಕದ್ದು, ಬೇರೆ ದಾರಿಯಿಲ್ಲ.

‘ಎಚ್ಚರವಿಲ್ಲದವನಿಗೆ ಏನು ಕೊಟ್ಟರೇನು’ ಎಂದು ಕೆಲವರು ಹೇಳುತ್ತಾರೆ. ಈ ಮಾತು ಎಷ್ಟು ಟೊಳ್ಳೆಂಬುದನ್ನು ನಮ್ಮ ಯಂತ್ರದ ದಾಯಾದಿಯಾದ ಲಾನ್ ಮೋವರಿನ ಚರಿತ್ರೆ ತೋರಿಸುತ್ತದೆ. ಅಂಗಳದ ಹುಲ್ಲು ಕತ್ತರಿಸಲು ನೂಕಿಕೊಂಡು ಹೋಗುವ ಈ ಯಂತ್ರವನ್ನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು 1830ರಲ್ಲಿ ಕಂಡುಹಿಡಿದನು. ಮುಂದೆ ಅದಕ್ಕೆ ಪೆಟ್ರೋಲ್ ಎಂಜಿನು ಬಂದು, ಅಮೆರಿಕದಲ್ಲಿ ಮನೆಮನೆಗೂ ಹರಡಿತು. ತಿರುಗುತ್ತಿರುವ ಬ್ಲೇಡಿನ ಅಡಿಗೆ ಕೈಕಾಲು ಹೋಗಿ ಬೆರಳು ಕಳೆದುಕೊಂಡವರು ಅಲ್ಲಿ ಬಹಳ. ಎಚ್ಚರಿಕೆಯ ಚೀಟಿ ಅಂಟಿಸಿದರೆ ಸಾಲದೆಂದು ಕಂಡ ಸರಕಾರ ಒಂದು ನಿಯಮ ಮಾಡಿತು. ನಡೆಸುವವನು ಹಿಡಿಯನ್ನು ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕು. ಹಾಗೆ ನಿಲ್ಲದ ಯಂತ್ರವನ್ನು 1982ರ ಜೂನ್ 30ರ ಬಳಿಕ ಅಲ್ಲಿ ತಯಾರಿಸುವಂತಿಲ್ಲ. ಮನುಷ್ಯ ಮರೆಯುತ್ತಾನೆ, ಆತುರಪಡುತ್ತಾನೆ. ಆದರೂ ಕೈ ಉಳಿಯಬೇಕು ಎಂಬುದು ಇದರ ತಾತ್ಪರ್ಯ. ಹೆಗಲಿಗೆ ಹಾಕುವ ನಮ್ಮ ಯಂತ್ರಕ್ಕೆ ಸಾಮಾನ್ಯವಾಗಿ ಇಂಥ ತಡೆಯಿಲ್ಲ. ವೇಗದ ಹಿಡಿಯನ್ನು ಬಿಟ್ಟ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆದುದರಿಂದ ಇರುವ ಒಂದು ಮರೆಯನ್ನೂ ಕಳಚಿದರೆ ಮತ್ತೇನೂ ಉಳಿಯದು.

ನಡೆಸುವ ಕ್ರಮ

ಕೆಲಸಕ್ಕೆ ತೊಡಗುವ ಮುಂಚೆ ತೋಟವನ್ನು ಒಮ್ಮೆ ನಡೆದು ನೋಡಬೇಕು. ಕಲ್ಲು, ಗೆರಟೆ, ಬಾಟ್ಲಿಯ ಚೂರು, ತಂತಿ ಇವನ್ನು ಹೆಕ್ಕಿ ಬದಿಗೆ ಹಾಕಬೇಕು. ಸೋಗೆಯನ್ನೂ ಹಾಳೆಯನ್ನೂ ಎಳೆದು ಹೊರಗಿಡಬೇಕು. ಸ್ಪ್ರಿಂಕ್ಲರಿನ ಪೈಪು ಇರುವಲ್ಲೆಲ್ಲ ಒಂದೊಂದು ಕೋಲು ಚುಚ್ಚಿದರೆ ಪೈಪೂ ಉಳಿಯುತ್ತದೆ. ಪೊದೆಯಲ್ಲಿ ಕಣಜದ ಗೂಡಿದೆಯೆ ಎಂಬುದನ್ನು ದೂರದಿಂದಲೇ ನೋಡಿಕೊಳ್ಳುವುದು ಲೇಸು. ಹೆಗಲಿಗೆ ಬಿಗಿದ ಯಂತ್ರದೊಡನೆ ಓಡುವುದು ಸುಲಭವಲ್ಲ. ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಇದನ್ನು ಮಾಡಬೇಕಾದವನು ತೋಟದ ಯಜಮಾನ. ಏಕೆಂದರೆ ಎಲ್ಲಿ ಏನಿದೆಯೆಂಬುದು ಹೊರಗಿನಿಂದ ಬಂದವನಿಗೆ ತಿಳಿಯದು.

ಎರಡನೆಯದು ದೂರ. ಯಂತ್ರ ನಡೆಯುವಾಗ ಸುತ್ತಲೂ 15 ಮೀಟರಿನೊಳಗೆ ಮನುಷ್ಯರಾಗಲಿ ದನಕರುಗಳಾಗಲಿ ಇರಕೂಡದು. ಯಂತ್ರದ ಪುಸ್ತಕಗಳಲ್ಲಿ ಇದನ್ನು ಸ್ಪಷ್ಟವಾಗಿ ಅಚ್ಚುಹಾಕಿರುತ್ತಾರೆ. 15 ಮೀಟರೆಂದರೆ ಒಂಬತ್ತು ಅಡಿ ಅಂತರದ ತೋಟದಲ್ಲಿ ಐದಾರು ಅಡಿಕೆ ಮರಗಳ ಸಾಲು. ಹುಲ್ಲು ಕೊಚ್ಚುವ ದಿನ ಆ ತಟ್ಟಿನಲ್ಲಿ ಬೇರೆ ಕೆಲಸ ಬೇಡವೇ ಬೇಡ. ಅಡಿಕೆ ಹೆಕ್ಕುವುದು ಮಾರನೆಯ ದಿನವಾಗಲಿ. ಒಂದು ದಿನದಲ್ಲಿ ಅಡಿಕೆ ಹಾಳಾಗಿಹೋಗದು. ಚಹಾ ತರುವ ಮಕ್ಕಳು ಹಿಂದಿನಿಂದ ಬಂದು ಹೆಗಲು ತಟ್ಟುವುದುಂಟು. ಅವನು ಬೆಚ್ಚಿ ತಿರುಗಿದರೆ ಬ್ಲೇಡೂ ಅವನೊಡನೆ ತಿರುಗುತ್ತದೆ. ಕರೆಯುವುದಿದ್ದರೆ ಅವನಿಗೆ ಕಾಣುವಂತೆ ಎದುರಿನಿಂದ, ದೂರ ನಿಂತು, ಕೈ ಬೀಸಬೇಕು; ಎಂಜಿನು ನಿಂತ ಮೇಲೆ ಹತ್ತಿರ ಹೋಗಬೇಕು.

ಮೂರನೆಯದು ಉಡುಪು. ಕಣ್ಣಿಗೆ ಬದಿಯೂ ಮುಚ್ಚುವ ರಕ್ಷಣೆಯ ಕನ್ನಡಕ, ಅದರ ಮೇಲೆ ಮುಖಕ್ಕೆ ಜಾಲರಿ ಇದ್ದರೆ ಇನ್ನೂ ಒಳ್ಳೆಯದು. ಬರಿಯ ಜಾಲರಿ ಸಾಲದು; ಅದರ ಕಣ್ಣಿನಿಂದ ಸಣ್ಣ ಚೂರು ಒಳಗೆ ಬರಬಹುದು. ಕಾಲಿಗೆ ಗಟ್ಟಿಯಾದ ಬೂಟು, ಮೊಣಕಾಲಿನಿಂದ ಕೆಳಗೆ ದಪ್ಪ ಹೊದಿಕೆ, ಉದ್ದ ಪ್ಯಾಂಟು, ಕೈಗವುಸು. ಲುಂಗಿ ಈ ಕೆಲಸಕ್ಕೆ ಹೇಳಿದ್ದಲ್ಲ. ಸೆಖೆಯಾಗುತ್ತದೆಂಬ ಮಾತು ನಿಜ. ಅದಕ್ಕೆ ಬೆಳಗಿನ ಹೊತ್ತು ಕೆಲಸ ಮಾಡಿಸಿ ಮಧ್ಯಾಹ್ನ ಬಿಡಬೇಕಲ್ಲದೆ ಬೂಟನ್ನು ಬಿಡಬಾರದು.

ಕಿವಿಯ ವಿಷಯವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂದು ತಿಳಿದವರು ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಈ ಯಂತ್ರದ ಸದ್ದು ನಡೆಸುವವನ ಕಿವಿಯಲ್ಲಿ 100ರ ಸುಮಾರಿಗೆ ಇರುವುದುಂಟು. ಆ ಲೆಕ್ಕದಂತೆ ಬರಿಗಿವಿಗೆ ಅದು ಕಾಲು ಗಂಟೆಯ ಕೆಲಸ. ನಮ್ಮ ಹುಡುಗರು ಆರೇಳು ಗಂಟೆ ಮಾಡುತ್ತಾರೆ. ಕಿವಿಮುಚ್ಚಳಕ್ಕೆ ತಗಲುವುದು ಅಲ್ಪ ಹಣ. ಹೋದ ಕಿವಿ ಯಾವ ಹಣಕ್ಕೂ ಬಾರದು. ಹಾಗೆಯೇ ಯಂತ್ರದ ಅದುರುವಿಕೆಯಿಂದ ವರ್ಷಗಳು ಕಳೆದಂತೆ ಬೆರಳುಗಳಿಗೆ ರಕ್ತ ಓಡದೆ ಬಿಳಿಚಿಕೊಂಡು ಜೋಮು ಹಿಡಿಯುವ ಕಾಯಿಲೆಯೊಂದಿದೆ. ಮುಕ್ಕಾಲು ಗಂಟೆಗೊಮ್ಮೆಯಾದರೂ ಯಂತ್ರ ಕೆಳಗಿಟ್ಟು ಕೈ ಬಿಡಿಸಿಕೊಳ್ಳಬೇಕು.

ಇನ್ನು ಕೊಚ್ಚುವ ರೀತಿ. ನಡೆಸುವವನು ಮೇಲಿನಿಂದ ನೋಡಿದರೆ ಬ್ಲೇಡು ಸಾಮಾನ್ಯವಾಗಿ ಬಲದಿಂದ ಎಡಕ್ಕೆ, ಎಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಆದುದರಿಂದ ಯಂತ್ರವನ್ನು ಬಲದಿಂದ ಎಡಕ್ಕೆ ಬೀಸುತ್ತ, ಬ್ಲೇಡಿನ ಎಡಭಾಗದಿಂದ ಕೊಚ್ಚಬೇಕು. ಬ್ಲೇಡನ್ನು ಗಡಿಯಾರದ ಮುಖವೆಂದು ಎಣಿಸಿದರೆ 12ರಿಂದ 3ರವರೆಗಿನ ಭಾಗ ಅಪಾಯದ್ದು. ಆ ಭಾಗ ಕುತ್ತಿಗೋ ಬೇರಿಗೋ ತಗಲಿದರೆ ಯಂತ್ರ ಒಮ್ಮೆಗೇ ಬದಿಗೆ ಎಸೆಯಲ್ಪಟ್ಟು ನಡೆಸುವವನನ್ನೇ ತಿರುಗಿಸಿಬಿಡುತ್ತದೆ. ಇಳಿಜಾರಿನಲ್ಲಿ ಅಡ್ಡಕ್ಕೆ ನಡೆಯಬೇಕು. ಒದ್ದೆ ಹುಲ್ಲಿನ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಕೊಚ್ಚಬಾರದು. ಕಣಿಯ ಅಂಚಿನಲ್ಲಿ ಕಾಲಿಡುವ ಜಾಗವನ್ನು ಮೊದಲು ನೋಡಿಕೊಳ್ಳಬೇಕು. ಬ್ಲೇಡನ್ನು ಸೊಂಟಕ್ಕಿಂತ ಮೇಲೆ ಎತ್ತಬಾರದು.

ಅಡಿಕೆ ಮರದ ಬುಡಕ್ಕೂ ಕಾಳುಮೆಣಸಿನ ಬಳ್ಳಿಗೂ ಒಂದು ಮೊಳ ದೂರದಲ್ಲೇ ಯಂತ್ರ ನಿಲ್ಲಲಿ. ಉಳಿದುದನ್ನು ಕತ್ತಿಯಿಂದ ತೆಗೆಯಿರಿ. ಕಾಂಡಕ್ಕೆ ಬಿದ್ದ ಗಾಯ ಮಾಯುವುದಿಲ್ಲ. ಬಳ್ಳಿ ತುಂಡಾದರೆ ವರ್ಷಗಳ ಶ್ರಮ ಅಂದಿಗೆ ಮುಗಿಯಿತು. ಇದೊಂದು ವಿಷಯದಲ್ಲಿ ನಮ್ಮವರು ತುಂಬ ಎಚ್ಚರದಿಂದಿರುವುದನ್ನು ನಾವು ಕಂಡಿದ್ದೇವೆ. ಮೆಣಸಿನ ಬಳ್ಳಿಯ ಹತ್ತಿರ ಯಂತ್ರ ಹೋದರೆ ಯಜಮಾನ ಅಂಗಳದಿಂದಲೇ ಬೊಬ್ಬೆ ಹಾಕುತ್ತಾನೆ. ಹೆಕ್ಕುವವರ ಹತ್ತಿರ ಹೋದಾಗಲೂ ಆ ಬೊಬ್ಬೆ ಬರಲಿ ಎಂಬುದೇ ನಮ್ಮ ಪ್ರಾರ್ಥನೆ.

ಬ್ಲೇಡಿಗೆ ಹುಲ್ಲೋ ಬಳ್ಳಿಯೋ ಸುತ್ತಿಕೊಂಡರೆ ಎಂಜಿನು ಪೂರ್ತಿ ನಿಲ್ಲಿಸಿ, ಬ್ಲೇಡು ನಿಂತುದನ್ನು ಕಣ್ಣಾರೆ ಕಂಡ ಮೇಲೆಯೇ ಕೈ ಹಾಕಬೇಕು. ಬ್ಲೇಡು ಬದಲಿಸುವಾಗ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೂ ಕಳಚಿಡುವುದು ಕ್ಷೇಮ. ಹೆಚ್ಚಿನ ಯಂತ್ರಗಳಲ್ಲಿ ಬ್ಲೇಡಿನ ನಟ್ಟು ಎಡಮರೆಯದು. ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಇದನ್ನರಿಯದೆ ಬಲ ಪ್ರಯೋಗಿಸಿ ಕೈ ಕೊಯ್ದುಕೊಂಡವರಿದ್ದಾರೆ. ಮತ್ತೊಂದು ಪರೀಕ್ಷೆ: ಎಂಜಿನು ಮೆಲ್ಲನೆ ಓಡುತ್ತಿರುವಾಗ ಬ್ಲೇಡು ತಿರುಗಕೂಡದು. ತಿರುಗಿದರೆ ಯಂತ್ರ ರಿಪೇರಿಗೆ ಹೋಗಬೇಕೆಂದು ತಿಳಿಯಿರಿ.

ಪೆಟ್ರೋಲಿನ ವಿಷಯವನ್ನೂ ಹೇಳಲೇಬೇಕು. ಕೊಳೆರೋಗಕ್ಕೆ ಮದ್ದು ಕಲಸುವಾಗ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂದು ತೂಗಿ ಅಳೆದು ಹಾಕುವ ನಾವು ಪೆಟ್ರೋಲಿಗೆ ಎಣ್ಣೆಯನ್ನು ಕಣ್ಣಳತೆಯಲ್ಲಿ ಸುರಿಯುತ್ತೇವೆ. ಟೂ-ಸ್ಟ್ರೋಕ್ ಎಂಜಿನಿಗೆ ಲೀಟರಿಗೆ 20 ಮಿಲಿಲೀಟರೋ 40 ಮಿಲಿಲೀಟರೋ ಎಂಬುದನ್ನು ಅದರ ಪುಸ್ತಕ ಹೇಳುತ್ತದೆ, ಅಷ್ಟೇ ಹಾಕಬೇಕು. ಫೋರ್-ಸ್ಟ್ರೋಕ್ ಯಂತ್ರಕ್ಕೆ ಎಣ್ಣೆ ಬೇರೆ ಜಾಗಕ್ಕೆ, ಪೆಟ್ರೋಲಿನಲ್ಲಿ ಬೆರೆಸುವಂತಿಲ್ಲ. ಪೆಟ್ರೋಲ್ ಮುಗಿದಾಗ ಎಂಜಿನು ನಿಲ್ಲಿಸಿ ಹತ್ತು ನಿಮಿಷವಾದರೂ ಆರಲು ಬಿಡಿರಿ. ಕಾದ ಸೈಲೆನ್ಸರಿನ ಮೇಲೆ ನಾಲ್ಕು ಹನಿ ಚೆಲ್ಲಿದರೆ ಬೆಂಕಿಗೆ ಅಷ್ಟೇ ಸಾಕು. ತುಂಬಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಚಾಲೂ ಮಾಡಿರಿ. ಬೀಡಿ ಹತ್ತಿರ ಬೇಡ. ನೀರಿನ ಬಾಟ್ಲಿಯಲ್ಲಿ ಪೆಟ್ರೋಲ್ ತುಂಬಿಡುವ ಅಭ್ಯಾಸವಂತೂ ಕೂಡಲೇ ನಿಲ್ಲಬೇಕು. ಬಾಯಾರಿ ಬಂದವನಿಗೆ ಅದು ನೀರಿನ ಬಾಟ್ಲಿಯೇ.

ಹೊಣೆ ಯಾರದು

ಇಷ್ಟನ್ನೂ ಓದಿದ ಕೆಲವರು ‘ಇದೆಲ್ಲ ಯಂತ್ರ ನಡೆಸುವವನು ತಿಳಿಯಬೇಕಾದುದು, ನಮಗೇಕೆ’ ಎನ್ನಬಹುದು. ನಾವೂ ಹಾಗೆಯೇ ಎಣಿಸಿದ್ದವರು. ಆದರೆ ವಿಚಾರ ಮಾಡಿ ನೋಡಿರಿ. ನಮ್ಮಲ್ಲಿ ಕೂಲಿ ಗಂಟೆಯ ಲೆಕ್ಕ. ಪೆಟ್ರೋಲ್ ತುಂಬಲು ಹತ್ತು ನಿಮಿಷ ಕುಳಿತರೆ ಯಜಮಾನ ಗಡಿಯಾರ ನೋಡುತ್ತಾನೆ. ಕಲ್ಲು ಹೆಕ್ಕಲು ಅರ್ಧ ಗಂಟೆ ಹೋದರೆ ಅದಕ್ಕೆ ಕೂಲಿಯಿಲ್ಲ ಎನ್ನುತ್ತಾನೆ. ಗುತ್ತಿಗೆಯಾದರೆ ಅವನೇ ಆತುರಪಡುತ್ತಾನೆ. ಎಚ್ಚರಕ್ಕೆ ತಗಲುವ ಹೊತ್ತನ್ನು ನಾವು ಕೂಲಿಯಿಂದ ಕಳೆಯುತ್ತ ಹೋದರೆ ಅವನು ಎಚ್ಚರವನ್ನೇ ಕಳೆಯುತ್ತಾನೆ. ಇದರಲ್ಲಿ ಅವನ ತಪ್ಪೆಷ್ಟು, ನಮ್ಮ ತಪ್ಪೆಷ್ಟು?

ಆದುದರಿಂದ ನಮ್ಮ ಸಲಹೆ ಇಷ್ಟು. ಆರಲು ಬಿಡುವ ಹೊತ್ತು, ಕೈ ಬಿಡಿಸಿಕೊಳ್ಳುವ ಹೊತ್ತು, ಕಲ್ಲು ಹೆಕ್ಕುವ ಹೊತ್ತು ಇವೆಲ್ಲ ಕೂಲಿಯ ಗಂಟೆಯೊಳಗೇ ಸೇರಲಿ. ಒಂದು ಕನ್ನಡಕ, ಒಂದು ಜತೆ ಬೂಟು, ಒಂದು ಕಿವಿಮುಚ್ಚಳ ತೋಟದವನ ಮನೆಯಲ್ಲೇ ಇರಲಿ. ಬಂದವನಿಗೆ ಯಂತ್ರವಿದ್ದರೂ ಇವಿಲ್ಲದಿರಬಹುದು. ಗಾರ್ಡಿಲ್ಲದ ಯಂತ್ರವನ್ನು ತೋಟದೊಳಗೆ ಬಿಡಕೂಡದು. ‘ಗಾರ್ಡು ಹಾಕಿಕೊಂಡು ನಾಳೆ ಬಾ ತಮ್ಮ, ಇಂದಿನ ಅರ್ಧ ಕೂಲಿ ನಾನು ಕೊಡುತ್ತೇನೆ’ ಎಂದು ನಾವು ಈಗ ಹೇಳುತ್ತೇವೆ. ಇಂದಿನ ತನಕ ಒಬ್ಬನೂ ಇದಕ್ಕೆ ಮುನಿಸಿಕೊಂಡಿಲ್ಲ.

ಒಬ್ಬೊಬ್ಬರಿಂದ ಆಗದ ಕೆಲಸವೂ ಇದೆ. ತೆಂಗಿನ ಮರ ಹತ್ತುವವರ ವಿಷಯದಲ್ಲಿ ನಡೆದುದನ್ನು ನೆನೆಯಿರಿ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯುವಕರಿಗೆ ಯಂತ್ರದಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು. ಬಿದ್ದವನ ಮನೆಮಂದಿ ಬೀದಿಗೆ ಬೀಳದಂತೆ ಕೇರ ಸುರಕ್ಷಾ ಎಂಬ ವಿಮೆಯನ್ನೂ ಏರ್ಪಡಿಸಿತು. ಮರ ಹತ್ತುವವನಿಗೆ ಇದು ಸಾಧ್ಯವಾದರೆ ಹುಲ್ಲು ಕೊಚ್ಚುವವನಿಗೂ ಸಾಧ್ಯ. ಪ್ರತಿ ಕೃಷಿಭವನದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನದ ತರಬೇತಿ ಇರಲಿ. ಯಂತ್ರಕ್ಕೆ ಸಹಾಯಧನ ಕೊಡುವಾಗ ಕನ್ನಡಕ, ಬೂಟುಗಳನ್ನೂ ಸೇರಿಸಿಯೇ ಕೊಡಲಿ. ನಮ್ಮ ಸಹಕಾರಿ ಸಂಘಗಳು ಗೊಬ್ಬರ, ಮೈಲುತುತ್ತಿನ ಜತೆಗೆ ಇವನ್ನೂ ಕಪಾಟಿನಲ್ಲಿ ಇಡಲಿ.

ಯಂತ್ರದ ಜತೆಗಿನ ಪುಸ್ತಕವನ್ನು ಓದಿಕೊಳ್ಳಲಾರದವರು ನಮ್ಮಲ್ಲಿ ಬಹಳ ಮಂದಿ. ಎಚ್ಚರಿಕೆಯ ಒಂದು ಪುಟವಾದರೂ ಈ ಭಾಗದಲ್ಲಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅಚ್ಚಾಗಿ ಅಂಗಡಿಯಿಂದಲೇ ಸಿಗಬೇಕು. ಈಗ ಬಂಗಾಳ, ಅಸ್ಸಾಮುಗಳಿಂದ ಬಂದ ಹುಡುಗರೂ ಈ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಚಿತ್ರ ತೋರಿಸಿ, ಕೈಸನ್ನೆ ಮಾಡಿ ತಿಳಿಸುವುದು ನಮ್ಮ ಕೆಲಸ. ಭಾಷೆ ಬಾರದವನ ಕಣ್ಣೂ ಕಣ್ಣೇ.

ಕಾನೂನಿನ ಮಾತನ್ನೂ ಹೇಳಿ ಮುಗಿಸುತ್ತೇವೆ. 1983ರಲ್ಲಿ ಕೇಂದ್ರ ಸರಕಾರವು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಒಕ್ಕಣೆ ಯಂತ್ರದಲ್ಲಿ ಕೈ ಕಳೆದುಕೊಳ್ಳುವ ಕೂಲಿಯಾಳುಗಳ ಹಿತಕ್ಕಾಗಿ, ಅವರಿಗೆ ಪರಿಹಾರ ಸಿಗುವುದಕ್ಕಾಗಿ ಹುಟ್ಟಿದ ಕಾಯಿದೆಯದು. ಅದರಲ್ಲಿ ಹೆಸರಿಸಿದ್ದು ಒಕ್ಕಣೆ ಯಂತ್ರವನ್ನು. ಕೃಷಿಯ ಬೇರೆ ಯಂತ್ರಗಳನ್ನು ಸೇರಿಸುವ ಅಧಿಕಾರವನ್ನೂ ಅದು ಸರಕಾರಕ್ಕೆ ಕೊಟ್ಟಿದೆ. ಮನೆಮನೆಗೂ ಬಂದಿರುವ ಹುಲ್ಲಿನ ಯಂತ್ರಕ್ಕೂ ಇಂಥ ರಕ್ಷಣೆ ಬೇಕೆಂದು ಕೃಷಿಕರ ಸಂಘಟನೆಗಳೇ ಮುಂದಾಗಿ ಕೇಳುವುದು ಉಚಿತ.

ಆದರೆ ಕಾನೂನು ಬರುವ ತನಕ ಹುಲ್ಲು ಕಾಯುವುದಿಲ್ಲ. ನಾಳೆ ಬೆಳಗ್ಗೆ ನಿಮ್ಮ ತೋಟಕ್ಕೆ ಯಂತ್ರ ಬರುವುದಿದ್ದರೆ, ಓದುಗರೇ, ಮೂರೇ ಕೆಲಸ ಮಾಡಿರಿ: ಗಾರ್ಡು ಇದೆಯೆ ನೋಡಿರಿ, ನಡೆಸುವವನ ಕಣ್ಣಿಗೆ ಕನ್ನಡಕ ಕೊಡಿರಿ, ಹೆಕ್ಕಲು ಬರುವವರಿಗೆ ‘ಇವತ್ತು ಆ ಕಡೆಗೆ ಹೋಗಬೇಡಿ’ ಎಂದು ನೀವೇ ಹೋಗಿ ಹೇಳಿರಿ. ಆ ಒಂದು ಮಾತನ್ನು ನಾವು ಹೇಳಲಿಲ್ಲ. ನಮ್ಮ ನೆರೆಯ ಆ ಅಕ್ಕ ಈಗಲೂ ಅಡಿಕೆ ಹೆಕ್ಕಲು ಬರುತ್ತಾರೆ. ಎಡಗಡೆಯಲ್ಲಿ ಬಿದ್ದ ಅಡಿಕೆ ಕಾಣಬೇಕಾದರೆ ಅವರು ಕುತ್ತಿಗೆ ತಿರುಗಿಸಿ ನೋಡಬೇಕಾಗುತ್ತದೆ.